ದಾನದ ದುಡ್ಡು: ತೀರ್ಮಾನ ಯಾರ ಕೈಗೆ ಬಿಡುವುದು?

ಇತ್ತೀಚೆಗೆ ಮೂರು ಕಡೆಯಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂತು. ಒಬ್ಬರು ಮೈಸೂರಿನಲ್ಲಿರುವ ನಿವೃತ್ತ ಮೇಷ್ಟ್ರು. ಪಿಂಚಣಿಯಲ್ಲಿ ವರ್ಷಕ್ಕೆ 40,000 ರೂಪಾಯಿ ಎತ್ತಿಡುತ್ತಾರೆ, ಒಳ್ಳೆ ಕೆಲಸಕ್ಕೆ ಹೋಗಲಿ ಅಂತ. ಇನ್ನೊಂದು ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ. ವರ್ಷಕ್ಕೆ 3 ಲಕ್ಷ ಕೊಡಬಲ್ಲರು, ಆದರೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಮೂರನೆಯದು ಹಾವೇರಿ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪು. ಅರ್ಧ ಜನ ಊರಲ್ಲೇ ಇದ್ದಾರೆ, ಉಳಿದವರು ಪುಣೆ, ದುಬೈ, ಟೆಕ್ಸಸ್‌ನಲ್ಲಿದ್ದಾರೆ. ಊರಿಗೆ ಏನಾದರೂ ಮಾಡಬೇಕು ಅನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ಏನು ಮಾಡಬೇಕು ಅನ್ನುವಲ್ಲಿ ವಾಟ್ಸಾಪ್‌ನಲ್ಲಿ ಜಗಳ.

ಮೂವರೂ ಕೇಳಿದ್ದು ಇಷ್ಟು: ಕೊಟ್ಟ ದುಡ್ಡು ಸರಿಯಾಗಿ ಖರ್ಚಾಗುತ್ತದೆ ಅಂತ ನಂಬೋದು ಹೇಗೆ? ಯಾವ ದಾರಿ ಒಳ್ಳೇದು?

ನಾನು ಕೆಲವು ವರ್ಷ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯ ಲೆಕ್ಕಪತ್ರ ನೋಡಿಕೊಂಡಿದ್ದವನು. ದಾನಿಗಳಿಗೆ ವರದಿ ಬರೆಯುವುದು, ವೋಚರ್ ಅಂಟಿಸುವುದು, ಯುಸಿಗೆ (ದುಡ್ಡು ಹೇಳಿದ ಕೆಲಸಕ್ಕೇ ಖರ್ಚಾಗಿದೆ ಅನ್ನುವ ಪ್ರಮಾಣಪತ್ರ) ಆಡಿಟರ್ ಸಹಿ ಹಾಕಿಸುವುದು, ಇದೇ ಕೆಲಸ. ಹಾಗಾಗಿ ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ನಂಬಿಕೆ ಇಡುವ ಶ್ರಮವನ್ನು ದುಡ್ಡು ಕೊಡುವ ಮೊದಲೇ ಪಡಬೇಕು. ಕೊಟ್ಟ ಮೇಲೆ ವರದಿ ಕೇಳಿ ನಂಬಿಕೆ ಹುಟ್ಟಿಸಿಕೊಳ್ಳಲು ಆಗುವುದಿಲ್ಲ. ಆದರೆ ಎಲ್ಲರಿಗೂ ಎಲ್ಲ ಕಡೆಯೂ ಇದು ಹೊಂದುವುದಿಲ್ಲ. ಎಲ್ಲಿ ಹೊಂದುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಅಳೆಯುವ ಕೋಲು

ದಾರಿಗಳನ್ನು ನೋಡುವ ಮೊದಲು ಐದು ಪ್ರಶ್ನೆ ಇಟ್ಟುಕೊಳ್ಳಿ.

ಒಂದು, ದುಡ್ಡು ಯಾವುದಕ್ಕೆ ಅನ್ನುವ ತೀರ್ಮಾನ ಯಾರದು? ನಿಮ್ಮದೋ, ಸಂಸ್ಥೆಯದೋ, ಅಥವಾ ಆ ಕಷ್ಟದಲ್ಲೇ ಬದುಕುತ್ತಿರುವವರದೋ? ಉಳಿದ ನಾಲ್ಕು ಪ್ರಶ್ನೆಗಳೂ ಇದರ ಬೆನ್ನಿಗೇ ಬರುತ್ತವೆ.

ಎರಡು, ನಿಮ್ಮ ಹತ್ತಿರ ಸಮಯ ಎಷ್ಟಿದೆ? ದುಡ್ಡಿಗಿಂತ ಇದರ ಲೆಕ್ಕವೇ ಜಾಸ್ತಿ ತಪ್ಪುತ್ತದೆ.

ಮೂರು, ದುಡ್ಡು ಎಷ್ಟು ವರ್ಷ ಬರುತ್ತದೆ? ಒಂದೇ ಸಲ ಕೊಡುವ 1 ಲಕ್ಷಕ್ಕೂ ಮೂರು ವರ್ಷ ತಪ್ಪದೆ ಬರುವ 35,000ಕ್ಕೂ ಭಾರೀ ವ್ಯತ್ಯಾಸ ಇದೆ. ಎರಡನೆಯದನ್ನು ನೆಚ್ಚಿ ಸಂಸ್ಥೆ ಒಬ್ಬರಿಗೆ ಅರೆಹೊತ್ತಿನ ಕೆಲಸ ಕೊಡಬಹುದು. ಮೊದಲನೆಯದರಲ್ಲಿ ಕುರ್ಚಿ ಕೊಳ್ಳಬಹುದು, ಅಷ್ಟೇ.

ನಾಲ್ಕು, ಏನಾದರೂ ಎಡವಟ್ಟಾದರೆ ಯಾರಿಗೆ ಮೊದಲು ಗೊತ್ತಾಗುತ್ತದೆ? ನಿಮಗೆ ಹನ್ನೆರಡು ತಿಂಗಳ ನಂತರ ವರದಿಯಲ್ಲೋ, ಅಥವಾ ಪಕ್ಕದ ಮನೆಯವರಿಗೆ ಮಾರನೇ ದಿನವೋ?

ಐದು, ಕಾನೂನು ಮತ್ತು ತೆರಿಗೆ. ಇದು ಬೇಜಾರಿನ ವಿಷಯ. ಆದರೆ ಹೊರದೇಶದ ದುಡ್ಡು ಸೇರಿದರೆ ಎಲ್ಲವನ್ನೂ ಇದೇ ತೀರ್ಮಾನ ಮಾಡಿಬಿಡುತ್ತದೆ.

ಕೆಲಸಕ್ಕೆ ಕಟ್ಟಿಹಾಕಿದ ದಾನ

ಎಲ್ಲರಿಗೂ ಗೊತ್ತಿರುವ ದಾರಿ ಇದು. ಇಷ್ಟು ಮಕ್ಕಳಿಗೆ ಇಷ್ಟು ನೋಟ್‌ಬುಕ್, ಇಷ್ಟು ಶಿಬಿರ, ಇಷ್ಟು ಶೌಚಾಲಯ. ಪ್ರತಿಯೊಂದಕ್ಕೂ ಒಂದು ಹೆಡ್, ಅಂದರೆ ಖರ್ಚಿನ ಬಾಬ್ತು, ಪ್ರತಿ ಹೆಡ್‌ಗೂ ಒಂದು ಮೊತ್ತ. ಕೊನೆಗೆ ಫೋಟೋ, ಬಿಲ್ಲು, ಯುಸಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು ಹೆಚ್ಚಾಗಿ ಬರುವುದು ಹೀಗೆಯೇ.

ಇದರ ಲಾಭ ಸ್ಪಷ್ಟ. ಏನು ಆಗಬೇಕು ಅಂತ ಮೊದಲೇ ಗೊತ್ತಿದ್ದರೆ, ಸೋರುವ ಚಾವಣಿ ದುರಸ್ತಿ, ಕುಡಿಯುವ ನೀರಿನ ಫಿಲ್ಟರ್ ಅಂಥದ್ದಾದರೆ, ಇದಕ್ಕಿಂತ ನೇರ ದಾರಿ ಇಲ್ಲ. ಪರಿಚಯವಿಲ್ಲದ ಸಂಸ್ಥೆಯ ಜೊತೆ ಮೊದಲ ವರ್ಷ ಹೀಗೆ ಶುರುಮಾಡುವುದರಲ್ಲೂ ತಪ್ಪಿಲ್ಲ.

ತೊಂದರೆ ಎಲ್ಲಿ ಅಂತ ಒಳಗೆ ಕೂತವರಿಗೆ ಗೊತ್ತು. ಒಂದು ಮಳೆಗಾಲದಲ್ಲಿ ನಮ್ಮ ಬಾಡಿಗೆ ಕಟ್ಟಡದ ಹಿಂದಿನ ಕೋಣೆ ಸೋರಲು ಶುರುವಾಯಿತು. ಮಕ್ಕಳ ಪುಸ್ತಕಗಳೆಲ್ಲ ಅಲ್ಲೇ. ಬ್ಯಾಂಕ್ ಖಾತೆಯಲ್ಲಿ ದುಡ್ಡು ಇತ್ತು, ಆದರೆ ಅದು ತರಬೇತಿ ಶಿಬಿರದ ಬ್ಯಾನರ್, ಊಟ ಮತ್ತು ಸಂಪನ್ಮೂಲ ವ್ಯಕ್ತಿಗಳ ಪ್ರಯಾಣದ ಹೆಡ್‌ನಲ್ಲಿ. ದಾನಿಗೆ ಪತ್ರ ಬರೆದೆವು. ಹೆಡ್ ಬದಲಿಸಲು ಅವಕಾಶವಿಲ್ಲ ಅಂತ ಉತ್ತರ ಬಂತು, ತುಂಬಾ ಮರ್ಯಾದೆಯಿಂದ. ಪುಸ್ತಕಗಳ ಮೇಲೆ ಟಾರ್ಪಲ್ ಹೊದಿಸಿ ಶಿಬಿರ ನಡೆಸಿದೆವು. ಬ್ಯಾನರ್ ಚೆನ್ನಾಗಿ ಬಂದಿತ್ತು. ವರದಿಯಲ್ಲಿ ಅದರ ಫೋಟೋ ಇದೆ, ಟಾರ್ಪಲ್‌ದು ಇಲ್ಲ.

ಇನ್ನೊಂದು ತೊಂದರೆ ಆಡಳಿತ ವೆಚ್ಚದ್ದು. ದುಡ್ಡೆಲ್ಲ ನೇರ ಬಡವರಿಗೇ ಹೋಗಬೇಕು, ಆಫೀಸ್ ಖರ್ಚಿಗೆ ಬೇಡ ಅನ್ನುವ ದಾನಿಗಳು ತುಂಬಾ. ಕೇಳಲು ಧರ್ಮದ ಮಾತಿನ ಹಾಗೇ ಇರುತ್ತದೆ. ಆದರೆ ಲೆಕ್ಕ ಬರೆಯುವವರ ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು, ಸಿಬ್ಬಂದಿಯ ಬಸ್ ಚಾರ್ಜು ಎಲ್ಲಿಂದ ಬರಬೇಕು? ಬ್ರಿಡ್ಜ್‌ಸ್ಪ್ಯಾನ್ ಅನ್ನುವ ಸಲಹಾ ಸಂಸ್ಥೆ ಭಾರತದ 40 ಸಂಸ್ಥೆಗಳ ಲೆಕ್ಕ ಬಿಡಿಸಿ ನೋಡಿತ್ತು. ಇಂಥ ಪರೋಕ್ಷ ವೆಚ್ಚ ಒಟ್ಟು ಖರ್ಚಿನ ಶೇ. 5ರಿಂದ ಶೇ. 51ರವರೆಗೂ ಇತ್ತು. ಕೆಲಸದ ಸ್ವರೂಪದ ಮೇಲೆ ಅದು ಬದಲಾಗುತ್ತದೆ. ಎಲ್ಲರಿಗೂ ಒಂದೇ ಮಿತಿ ಹಾಕಿದರೆ ಸಂಸ್ಥೆಗಳು ಸುಳ್ಳು ಹೆಡ್ ಬರೆಯುವುದನ್ನು ಕಲಿಯುತ್ತವೆ, ಅಷ್ಟೇ.

ಷರತ್ತಿಲ್ಲದೆ, ಹಲವು ವರ್ಷ

ಇದರ ಎದುರಿನ ದಾರಿ ನಂಬಿ ಕೊಡುವುದು. ಸಂಸ್ಥೆಯನ್ನು ಚೆನ್ನಾಗಿ ನೋಡಿ, ವಿಚಾರಿಸಿ, ಆಮೇಲೆ ಮೂರೋ ಐದೋ ವರ್ಷಕ್ಕೆ ಇಷ್ಟು ಅಂತ ಮಾತು ಕೊಟ್ಟು, ಯಾವುದಕ್ಕೆ ಖರ್ಚು ಮಾಡಬೇಕು ಅನ್ನುವುದನ್ನು ಅವರಿಗೇ ಬಿಡುವುದು. ಅಮೆರಿಕದಲ್ಲಿ 2020ರಲ್ಲಿ ಕೆಲವು ಪ್ರತಿಷ್ಠಾನಗಳು ಸೇರಿ ಇದನ್ನೇ ಒಂದು ಚಳವಳಿಯಾಗಿ ಶುರುಮಾಡಿದವು. ಅವರ ನಿಯಮಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು: ಹೋಂವರ್ಕ್ ಮಾಡಬೇಕಾದವರು ದಾನಿಗಳು. ಸಂಸ್ಥೆಯ ವೆಬ್‌ಸೈಟಿನಲ್ಲೇ ಇರುವ ಮಾಹಿತಿಯನ್ನು ಮತ್ತೆ ಇಪ್ಪತ್ತು ಪುಟದ ಅರ್ಜಿಯಲ್ಲಿ ಬರೆಸಬಾರದು.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದವರು ಅಮೆರಿಕದ ಶ್ರೀಮಂತ ದಾನಿ ಮೆಕೆಂಜಿ ಸ್ಕಾಟ್. ಅವರ ದಾನಕ್ಕೆ ಹೆಡ್‌ಗಳಿಲ್ಲ. ಅಮೆರಿಕದ ಸಮುದಾಯಗಳೇ ಮುನ್ನಡೆಸುವ ಸಂಸ್ಥೆಗಳಿಗೆ ಅಂತ 2023ರಲ್ಲಿ ಅರ್ಜಿ ಕರೆದರು. ಅರ್ಜಿಗಳನ್ನು ಮೊದಲು ಓದಿ ಅಂಕ ಕೊಟ್ಟವರು ಅರ್ಜಿ ಹಾಕಿದ ಇತರ ಸಂಸ್ಥೆಗಳವರೇ. 250 ಸಂಸ್ಥೆಗಳಿಗೆ ಅಂತ ಹೊರಟಿದ್ದು, 2024ರ ಮಾರ್ಚ್‌ನಲ್ಲಿ 361 ಸಂಸ್ಥೆಗಳಿಗೆ ಒಟ್ಟು 64 ಕೋಟಿ ಡಾಲರ್ ಕೊಟ್ಟರು. ನಮ್ಮಲ್ಲಿ ಬೆಂಗಳೂರಿನ ರೋಹಿಣಿ ನಿಲೇಕಣಿ ಅವರೂ ನಂಬಿಕೆಯ ಮೇಲೆ ಕೊಡಬೇಕು, ತೀರ್ಮಾನ ಸಂಸ್ಥೆಗಳಿಗೇ ಬಿಡಬೇಕು ಅಂತ ಬಹಿರಂಗವಾಗಿ ಹೇಳುತ್ತಾ ಬಂದವರು.

ಅವರ ಹತ್ತಿರ ಕೋಟಿಗಳಿವೆ, ನಮ್ಮ 40,000ಕ್ಕೂ ಇದಕ್ಕೂ ಏನು ಸಂಬಂಧ ಅನ್ನಬಹುದು. ಸಂಬಂಧ ಇದೆ. ವರ್ಷಕ್ಕೆ 12–15 ಲಕ್ಷದಲ್ಲಿ ನಡೆಯುವ ಸಂಸ್ಥೆಗೆ ಷರತ್ತಿಲ್ಲದ 40,000 ಅಂದರೆ ನಾಲ್ಕೈದು ತಿಂಗಳ ಬಾಡಿಗೆ. ಅದು ಕೈಯಲ್ಲಿದ್ದರೆ ಮುಖ್ಯಸ್ಥೆ ನೆಮ್ಮದಿಯಾಗಿ ಕೆಲಸ ನೋಡುತ್ತಾರೆ, ಇಲ್ಲದಿದ್ದರೆ ಪ್ರತಿ ತಿಂಗಳ 5ನೇ ತಾರೀಖು ಮನೆ ಮಾಲೀಕರ ಫೋನು ಎತ್ತಲು ಹಿಂಜರಿಯುತ್ತಾರೆ.

ಬೆಲೆ ಏನು? ನಿಮ್ಮ ಸಮಯ. ಷರತ್ತಿಲ್ಲದೆ ಕೊಡುವುದು ಅಂದರೆ ಕಣ್ಣುಮುಚ್ಚಿ ಕೊಡುವುದಲ್ಲ. ಮೊದಲು ಕಾಗದ ನೋಡಿ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಹೆಸರಿದೆಯಾ, ಮೂರು ವರ್ಷದ ಆಡಿಟ್ ವರದಿ ಕೇಳಿದ ಕೂಡಲೇ ಕೊಡುತ್ತಾರಾ, ಟ್ರಸ್ಟಿಗಳೆಲ್ಲ ಒಂದೇ ಮನೆಯವರಾ? ಆಮೇಲೆ ಹೋಗಿ ಕೂತು ಬನ್ನಿ. ಮುಖ್ಯಸ್ಥರು ಇಲ್ಲದ ದಿನ ಹೋದರೆ ಇನ್ನೂ ಒಳ್ಳೇದು. ನಾನಾದರೆ ಒಂದೇ ಪ್ರಶ್ನೆ ಕೇಳುತ್ತೇನೆ: ಹೋದ ವರ್ಷ ಏನು ಕೈಕೊಟ್ಟಿತು? ಏನೂ ಇಲ್ಲ ಸಾರ್, ಎಲ್ಲ ಚೆನ್ನಾಗಿದೆ ಅನ್ನುವವರಿಗೆ ಷರತ್ತಿಲ್ಲದ ದುಡ್ಡು ಕೊಡಬೇಡಿ. ಒಂದು ಕಾರ್ಯಕ್ರಮ ನಿಲ್ಲಿಸಬೇಕಾಯಿತು, ಯಾಕೆ ಅಂದರೆ ಅಂತ ಶುರುಮಾಡುವವರ ಹತ್ತಿರ ಇನ್ನೊಂದು ಗಂಟೆ ಕೂರಿ.

ಹೋಗಿ ನೋಡಲು ಆಗುವುದೇ ಇಲ್ಲ ಅನ್ನುವವರಿಗೆ ಈ ದಾರಿ ಬೇಡ. ದೂರದಿಂದ ಇಡುವ ನಂಬಿಕೆ ಕೊನೆಗೆ ಹೆಸರಿನ ಮೇಲೆ, ಚಂದದ ವಿಡಿಯೋದ ಮೇಲೆ ಇಡುವ ನಂಬಿಕೆ ಆಗಿಬಿಡುತ್ತದೆ.

ತೀರ್ಮಾನ ಊರವರಿಗೇ ಬಿಟ್ಟರೆ

ಇದು ಇನ್ನೂ ಒಂದು ಹೆಜ್ಜೆ ಮುಂದೆ. ಸಂಸ್ಥೆಯೂ ಅಲ್ಲ, ದುಡ್ಡು ಯಾರಿಗೆ ತಟ್ಟುತ್ತದೋ ಅವರೇ ಕೂತು ತೀರ್ಮಾನ ಮಾಡುವುದು. ಹೊರದೇಶದ ಹೊಸ ವಿಚಾರ ಅಂತ ಅಂದುಕೊಳ್ಳಬೇಡಿ. ಇದರ ಒಂದು ದೊಡ್ಡ ಕಥೆ ನಮ್ಮ ನೆಲದಲ್ಲೇ ನಡೆದಿದೆ.

ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಶುರುವಾಗಿದ್ದು 1968ರಲ್ಲಿ, ಆಗಿನ ಮೈಸೂರು ರಾಜ್ಯದಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ಆಮೇಲೆ ಹಳ್ಳಿಗಳ ಕೆಲಸಕ್ಕೆ ಇಳಿಯಿತು. ಎಂಬತ್ತರ ದಶಕದ ಮಧ್ಯದಲ್ಲಿ ಅದು ಕೆಲಸ ಮಾಡುತ್ತಿದ್ದ ಕಡೆ ಕೆಲವು ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಸದಸ್ಯರಿಗೆ ಅಧ್ಯಕ್ಷರ ಮೇಲೆ ನಂಬಿಕೆ ಹೋಗಿತ್ತು. ಆದರೆ ಸಣ್ಣ ಸಣ್ಣ ಗುಂಪಾಗಿ ಜನ ಮೈರಾಡ ಸಿಬ್ಬಂದಿಯ ಹತ್ತಿರ ಬಂದು, ಸಂಘಕ್ಕೆ ಕಟ್ಟಲ್ಲ, ಸಾಲದ ದುಡ್ಡು ನಿಮಗೇ ಕೊಡುತ್ತೇವೆ ಅಂದರು. ನಾವು ನಿಮಗೆ ಸಾಲ ಕೊಟ್ಟಿಲ್ಲವಲ್ಲ, ನೀವು ನೀವೇ ಸೇರಿ ಇಟ್ಟುಕೊಳ್ಳಿ ಅಂದಿತು ಸಂಸ್ಥೆ. ಒಬ್ಬರನ್ನೊಬ್ಬರು ಬಲ್ಲ ಆ ಸಣ್ಣ ಗುಂಪುಗಳೇ ಮುಂದೆ ಸ್ವಸಹಾಯ ಸಂಘಗಳಾದವು. 1987ರಲ್ಲಿ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು, ಈ ಗುಂಪುಗಳನ್ನು ಬೆಳೆಸಲು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ದೇಶದ ಮಟ್ಟದಲ್ಲಿ ಶುರುವಾಯಿತು. ಇವತ್ತು ಸಂಘದ ಮೀಟಿಂಗ್ ನಡೆಯದ ಹಳ್ಳಿ ಹುಡುಕಬೇಕು.

ಅಂಥ ಮೀಟಿಂಗ್ ನೀವು ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ. ಅಂಗನವಾಡಿಯ ನೆಲದ ಮೇಲೆ ಚಾಪೆ. ನಡುವೆ ಪೆಟ್ಟಿಗೆ, ಪಾಸ್‌ಬುಕ್, ಠರಾವು ಪುಸ್ತಕ. ಬರೆಯಲು ಬರುವ ಒಬ್ಬಳು ಗಟ್ಟಿಯಾಗಿ ಓದುತ್ತಾಳೆ. ಯಾರು ಎಷ್ಟು ಕಟ್ಟಿದರು, ಯಾರದು ಬಾಕಿ. ಬಾಕಿ ಇರುವವಳ ಮುಖ ಎಲ್ಲರಿಗೂ ಕಾಣುತ್ತದೆ. ಅವಳ ಎಮ್ಮೆ ಸತ್ತದ್ದೂ ಎಲ್ಲರಿಗೂ ಗೊತ್ತು. ಇನ್ನೆರಡು ವಾರ ಬಿಡಿ ಅಂತ ಅಲ್ಲೇ ತೀರ್ಮಾನ. ಯಾವ ವರದಿಯಲ್ಲೂ ಬಾರದ ಮಾಹಿತಿ ಇದು. ನನ್ನ ನಾಲ್ಕನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ.

ದಾನದ ದುಡ್ಡಿಗೂ ಹೀಗೆ ಮಾಡಬಹುದು. ಶಾಲೆಗಾದರೆ 2001ರಿಂದಲೂ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದೆ. ಪೋಷಕರೇ ಅದರ ಸದಸ್ಯರು, ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಕೆರೆಗಾದರೆ ಹಲವು ಕಡೆ ಕೆರೆ ಬಳಕೆದಾರರ ಸಂಘಗಳಿವೆ. ಹೊರಗೆ ನೋಡಿದರೆ ಅಂಗವಿಕಲರ ಹಕ್ಕುಗಳಿಗೆ ದುಡ್ಡು ಕೊಡುವ ಡಿಸೆಬಿಲಿಟಿ ರೈಟ್ಸ್ ಫಂಡ್‌ನಲ್ಲಿ ಯಾರಿಗೆ ಕೊಡಬೇಕು ಅಂತ ಹೇಳುವ ಸಮಿತಿಯಲ್ಲಿ ಅಂಗವಿಕಲರೇ ಕೂರುತ್ತಾರೆ. ಯುವತಿಯರ ಗುಂಪುಗಳಿಗೆ ನೆರವಾಗುವ ಫ್ರಿಡಾ ನಿಧಿಯಲ್ಲಿ ಅರ್ಜಿ ಹಾಕಿದ ಗುಂಪುಗಳೇ ಒಬ್ಬರಿಗೊಬ್ಬರು ಮತ ಹಾಕುತ್ತವೆ.

ಈಗ ಕಹಿ ಮಾತು. ಊರಿನ ತೀರ್ಮಾನ ಅಂದರೆ ಯಾರ ತೀರ್ಮಾನ? ಸಭೆ ದೇವಸ್ಥಾನದ ಕಟ್ಟೆ ಮೇಲೆ ಕರೆದರೆ ಯಾರು ಮುಂದೆ ಕೂರುತ್ತಾರೆ, ಯಾರು ದೂರ ನಿಲ್ಲುತ್ತಾರೆ, ಯಾರು ಬರುವುದೇ ಇಲ್ಲ ಅಂತ ನಮಗೆಲ್ಲ ಗೊತ್ತಿದೆ. ಅಂಥ ಸಭೆಯಲ್ಲಿ ಎಲ್ಲರೂ ಒಪ್ಪಿದರು ಅಂತ ಠರಾವು ಬರೆದು, ಕಾಲೋನಿಗೆ ನಲ್ಲಿ ಬರುವ ಬದಲು ಊರ ಬಾಗಿಲಿಗೆ ಕಮಾನು ಬರಬಹುದು. ಸಮುದಾಯ ಅನ್ನುವುದನ್ನು ದಾನಿಗಳು ಒಂದೇ ದನಿಯ ಹಾಗೆ ಕೇಳಿಸಿಕೊಳ್ಳುತ್ತಾರೆ. ಅದರೊಳಗೆ ಜಾತಿ ಇದೆ, ಪಾರ್ಟಿ ಇದೆ, ಅತ್ತೆ–ಸೊಸೆ ಇದ್ದಾರೆ.

ಇದಕ್ಕೆ ಮದ್ದು ಪೂರ್ತಿ ಇಲ್ಲ, ಸ್ವಲ್ಪ ಇದೆ. ಸಭೆಯನ್ನು ಕಾಲೋನಿಯಲ್ಲೇ ಕರೆಯಿರಿ. ಹೆಂಗಸರ ಜೊತೆ ಬೇರೆಯಾಗಿ ಕೂತು ಕೇಳಿ, ಹಗಲಲ್ಲಿ ಕೂಲಿಗೆ ಹೋಗುವವರಿಗೆ ಅನುಕೂಲವಾಗುವ ಹೊತ್ತಿಗೆ. ಮೊದಲ ಸಲ ಸಣ್ಣ ಮೊತ್ತ ಇಡಿ, 20,000 ಸಾಕು. ಬೇರೆ ಬೇರೆ ಕಡೆ ಕೇಳಿದ ಪಟ್ಟಿಗಳನ್ನು ಎದುರೆದುರು ಇಟ್ಟು ನೋಡಿ. ಪಟ್ಟಿಗಳು ಹೊಂದದಿದ್ದರೆ ಗಾಬರಿ ಬೇಡ, ನಿಮಗೆ ಬೇಕಿದ್ದ ಸುದ್ದಿ ಅದೇ.

ಸಮಯ ಇದ್ದವರಿಗೆ, ಊರಿನ ಜೊತೆ ನಂಟು ಇದ್ದವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಅವಸರದವರಿಗೆ ಇದಕ್ಕಿಂತ ಕೆಟ್ಟದ್ದೂ ಇಲ್ಲ. ಮೊದಲ ರೂಪಾಯಿ ಖರ್ಚಾಗುವಷ್ಟರಲ್ಲಿ ಆರು ತಿಂಗಳು ಹೋಗಬಹುದು.

ಹತ್ತು ಜನ ಸೇರಿ ಕೊಡುವುದು

ತಲಾ ಇಷ್ಟು ಅಂತ ಹಾಕಿ, ಒಟ್ಟಿಗೆ ಕೂತು ಯಾರಿಗೆ ಅಂತ ತೀರ್ಮಾನಿಸುವ ದಾನಿಗಳ ಬಳಗ. ಮುಂಬೈನ ದಸ್ರಾ ಸಂಸ್ಥೆ ಕಟ್ಟಿದ ಬಳಗಗಳಲ್ಲಿ ಹತ್ತು ಜನ ತಲಾ ವರ್ಷಕ್ಕೆ 10 ಲಕ್ಷದಂತೆ ಮೂರು ವರ್ಷ ಹಾಕುವ ಲೆಕ್ಕ, ಅಂದರೆ ಒಟ್ಟು 3 ಕೋಟಿ. ನಮ್ಮ ಅಳತೆಗೆ ತಂದರೆ ಹತ್ತು ಜನ ತಿಂಗಳಿಗೆ 1,000 ಹಾಕಿದರೂ ವರ್ಷಕ್ಕೆ 1,20,000 ಆಗುತ್ತದೆ. ಹೋಂವರ್ಕ್ ಕೆಲಸವೂ ಹಂಚಿಹೋಗುತ್ತದೆ. ಒಬ್ಬರು ಆಡಿಟ್ ವರದಿ ಓದಬಲ್ಲರು, ಇನ್ನೊಬ್ಬರು ಹೋಗಿ ನೋಡಿ ಬರಬಲ್ಲರು.

ತೊಂದರೆ ಏನೆಂದರೆ ಕೊಡುವವರು ಹತ್ತು ಜನ ಆದರೂ ತೀರ್ಮಾನ ಇನ್ನೂ ಕೊಡುವವರ ಕೈಯಲ್ಲೇ. ಜೊತೆಗೆ ಜೋರು ದನಿಯವರೇ ಗೆಲ್ಲುತ್ತಾರೆ, ಯಾವ ವಾಟ್ಸಾಪ್ ಗುಂಪಿನಲ್ಲೂ ಹಾಗೇ ಅಲ್ವಾ. ಹತ್ತು ಕುರ್ಚಿಯಲ್ಲಿ ಮೂರನ್ನು ಆ ಊರಿನವರಿಗೆ, ಆ ಕಷ್ಟ ಪಟ್ಟವರಿಗೆ ಕೊಡಿ, ಅವರು ದುಡ್ಡು ಹಾಕದಿದ್ದರೂ ಮತ ಇರಲಿ. ಅಲ್ಲಿಗೆ ಬಳಗದ ಮಾತುಕತೆಯೇ ಬದಲಾಗುತ್ತದೆ.

ನೇರ ಕೈಗೆ ನಗದು

ನಂಬಿಕೆಯ ಕೊನೆಯ ಮೆಟ್ಟಿಲು ಇದು. ಸಂಸ್ಥೆಯೂ ಬೇಡ, ಸಭೆಯೂ ಬೇಡ, ಬಡವರ ಖಾತೆಗೇ ದುಡ್ಡು. ಕುಡಿದು ಹಾಳುಮಾಡುತ್ತಾರೆ ಅನ್ನುವ ಮಾತು ತಕ್ಷಣ ಬರುತ್ತದೆ. 2011ರಿಂದ ಮಧ್ಯಪ್ರದೇಶದಲ್ಲಿ ‘ಸೇವಾ’ (SEWA) ಅನ್ನುವ ದುಡಿಯುವ ಮಹಿಳೆಯರ ಸಂಘಟನೆ ಯುನಿಸೆಫ್ ನೆರವಿನಿಂದ ಎಂಟು ಹಳ್ಳಿಗಳಲ್ಲಿ ಪ್ರಯೋಗ ಮಾಡಿತ್ತು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100, ಆಮೇಲೆ 300 ಮತ್ತು 150. ದುಡ್ಡು ಸಿಗದ ಹಳ್ಳಿಗಳ ಜೊತೆ ಹೋಲಿಸಿದಾಗ ಊಟ ಸುಧಾರಿಸಿತ್ತು, ಶಾಲೆಗೆ ಹೋಗುವುದು ಹೆಚ್ಚಿತ್ತು. ಕುಡಿತ ಹೆಚ್ಚಿರಲಿಲ್ಲ. ನಂಬದಿದ್ದರೆ ನಿಮ್ಮ ಬೀದಿಯಲ್ಲೇ ನಾಲ್ಕು ಹೆಂಗಸರನ್ನು ಗೃಹಲಕ್ಷ್ಮಿಯ 2,000 ಎಲ್ಲಿ ಹೋಯಿತು ಅಂತ ಕೇಳಿ.

ಕೆನ್ಯಾದಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ ಕೆಲವು ಹಳ್ಳಿಗಳಿಗೆ 12 ವರ್ಷ ತಿಂಗಳು ತಿಂಗಳು ದುಡ್ಡು ಕೊಡುವ ಪ್ರಯೋಗ ನಡೆಸುತ್ತಿದೆ. ಅಲ್ಲಿನ ಒಂದು ಸಂಗತಿ ನನಗೆ ತುಂಬಾ ಖುಷಿ ಕೊಟ್ಟಿತು. ತಿಂಗಳ ಸಣ್ಣ ದುಡ್ಡು ಸಿಕ್ಕವರು ತಾವೇ ಗುಂಪು ಕಟ್ಟಿ ಚೀಟಿ ಹಾಕಿದರು, ಸರದಿಯಂತೆ ಒಟ್ಟು ಗಂಟು ಎತ್ತಿಕೊಳ್ಳಲು. ಯಾರೂ ಹೇಳಿಕೊಟ್ಟಿರಲಿಲ್ಲ.

ಇದರ ಮಿತಿ ಏನು? ನಗದು ಮನೆಯ ಕಷ್ಟಕ್ಕೆ ಮದ್ದು, ಊರಿನ ಕಷ್ಟಕ್ಕಲ್ಲ. ಹತ್ತು ಮನೆಗೆ ದುಡ್ಡು ಕೊಟ್ಟರೆ ಮುರಿದ ಬೋರ್‌ವೆಲ್ ರಿಪೇರಿ ಆಗುವುದಿಲ್ಲ, ಬಾರದ ಡಾಕ್ಟರು ಬರುವುದಿಲ್ಲ. ಜೊತೆಗೆ ಯಾರಿಗೆ ಕೊಟ್ಟಿರಿ, ಯಾರಿಗೆ ಬಿಟ್ಟಿರಿ ಅನ್ನುವುದರಿಂದ ಬೀದಿಯಲ್ಲಿ ಮನಸ್ತಾಪ. ತೆರಿಗೆ ರಿಯಾಯಿತಿಯೂ ಇಲ್ಲ. ಸಂಬಂಧಿಕರಲ್ಲದವರಿಂದ ಒಬ್ಬರಿಗೆ ವರ್ಷದಲ್ಲಿ 50,000 ದಾಟಿ ಬಂದರೆ ಅದು ಅವರ ಆದಾಯದ ಲೆಕ್ಕಕ್ಕೂ ಸೇರುತ್ತದೆ. ಆದರೂ ನಿಮಗೆ ಗೊತ್ತಿರುವ ಒಂದು ಮನೆ, ಗೊತ್ತಿರುವ ಒಂದು ಕಷ್ಟ ಅಂದಾಗ ದಿನಸಿ ಕಿಟ್ ಕೊಡಬೇಡಿ, ದುಡ್ಡೇ ಕೊಡಿ. ಅವರ ಮನೆಯಲ್ಲಿ ಬೇಳೆ ಇದೆಯೋ ಇಲ್ಲವೋ ಅವರಿಗೇ ಚೆನ್ನಾಗಿ ಗೊತ್ತು.

ಇಂಟರ್ನೆಟ್‌ನಲ್ಲಿ ಚಂದಾ ಎತ್ತುವ ತಾಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಪರೇಷನ್ ಖರ್ಚಿನಂಥ ತುರ್ತಿಗೆ ಸರಿ. ಕಥೆ ಚೆನ್ನಾಗಿ ಹೇಳಲು ಬರುವವರಿಗೆ ದುಡ್ಡು ಬರುತ್ತದೆ, ಬಾರದವರಿಗೆ ಇಲ್ಲ. ದುಡ್ಡು ಕಟ್ಟುವಾಗ ಆ ತಾಣಕ್ಕೆ ಟಿಪ್ ಅಂತ ತಾನಾಗಿ ಸೇರಿರುತ್ತದಾ ನೋಡಿಕೊಳ್ಳಿ.

ದಾನದ ಬದಲು ಕಡಿಮೆ ಬಡ್ಡಿಗೆ ಸಾಲ ಕೊಡುವ ದಾರಿಯೂ ಇದೆ. ಬೆಂಗಳೂರಿನ ರಂಗ್ ದೇ 2008ರಿಂದ ಈ ಕೆಲಸದಲ್ಲಿದೆ. ದುಡ್ಡು ತಿರುಗಿ ಬಂದು ಮತ್ತೊಬ್ಬರಿಗೆ ಹೋಗುತ್ತದೆ. ಆದರೆ ಈಗಾಗಲೇ ಸಾಲದಲ್ಲಿ ಮುಳುಗಿದವರಿಗೆ ಇನ್ನೊಂದು ಸಾಲ ನೆರವಲ್ಲ. ಕಿರುಸಾಲ ವಸೂಲಿಯ ಕಿರುಕುಳಕ್ಕೆ 2025ರಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು, ನೆನಪಿರಲಿ.

ತೆರಿಗೆ, ಪಾಸ್‌ಪೋರ್ಟ್

80ಜಿ ಅಂತ ನಾವೆಲ್ಲ ಕರೆಯುವ ರಿಯಾಯಿತಿಯಲ್ಲಿ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧ ಆದಾಯದಿಂದ ಕಳೆಯಬಹುದು, ಅದಕ್ಕೂ ಮೇಲ್ಮಿತಿ ಇದೆ. ಶೇ. 30ರ ತೆರಿಗೆ ಕಟ್ಟುವವರು 1 ಲಕ್ಷ ಕೊಟ್ಟರೆ ತೆರಿಗೆಯಲ್ಲಿ ಉಳಿಯುವುದು ಸುಮಾರು 15,000. ನಗದಾಗಿ 2,000 ಮೀರಿ ಕೊಟ್ಟರೆ ಲೆಕ್ಕಕ್ಕಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿಯೇ ಇಲ್ಲ. ಮಹಿಳಾ ಸಂಘಕ್ಕೋ ಒಂದು ಕುಟುಂಬಕ್ಕೋ ಕೊಟ್ಟದ್ದಕ್ಕೂ ಇಲ್ಲ. ಹಾಗಾಗಿ ಹೊಸ ಪದ್ಧತಿಯಲ್ಲಿರುವವರು 80ಜಿ ಇಲ್ಲ ಅಂತ ಊರಿನ ಗುಂಪನ್ನು ಬಿಟ್ಟು ದೊಡ್ಡ ಟ್ರಸ್ಟ್ ಹುಡುಕುವುದು ಸುಮ್ನೆ.

ಹೊರದೇಶದವರಿಗೆ ಪ್ರಶ್ನೆ ಬೇರೆ. ಭಾರತದ ಪಾಸ್‌ಪೋರ್ಟ್ ಇದ್ದು ದುಬೈನಲ್ಲಿ ಕೆಲಸ ಮಾಡುವವರು ತಮ್ಮ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪಾಸ್‌ಪೋರ್ಟ್ ಆಗಿದ್ದರೆ, ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅಡಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ, ಅದನ್ನು ಪಡೆಯಬಹುದು. 2020ರ ತಿದ್ದುಪಡಿಯ ನಂತರ ಆ ಸಂಸ್ಥೆ ಆ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ಅಂದರೆ ದೊಡ್ಡ ಸಂಸ್ಥೆಗೆ ಕೊಟ್ಟು, ಅದು ಊರಿನ ಸಂಘಗಳಿಗೆ ಹಂಚಲಿ ಅನ್ನುವ ಲೆಕ್ಕಾಚಾರ ಹೊರದೇಶದ ದುಡ್ಡಿಗೆ ನಡೆಯುವುದಿಲ್ಲ.

ಹಾಗಾದರೆ ಆ ಮೂವರು

ಮೇಷ್ಟ್ರಿಗೆ ನನ್ನ ಸಲಹೆ: 40,000ವನ್ನು ನಾಲ್ಕು ಕಡೆ ಹಂಚಬೇಡಿ. ಬಸ್ಸಲ್ಲಿ ಹೋಗಿ ಬರುವಷ್ಟು ಹತ್ತಿರದ ಒಂದು ಸಣ್ಣ ಸಂಸ್ಥೆ ಆರಿಸಿ, ಮೂರು ವರ್ಷ ಕೊಡುತ್ತೇನೆ ಅಂತ ಮೊದಲೇ ಹೇಳಿ, ಷರತ್ತು ಹಾಕಬೇಡಿ. ನಿಮ್ಮ ಹತ್ತಿರ ಸಮಯ ಇದೆ, ಅದು ಉಳಿದ ಇಬ್ಬರ ಹತ್ತಿರ ಇಲ್ಲ. ಲಿಖಿತ ವರದಿ ಬೇಡ, ವರ್ಷಕ್ಕೆರಡು ಸಲ ಬಂದು ಕೂರುತ್ತೇನೆ ಅನ್ನಿ. ಅವರಿಗೆ ನಾಲ್ಕು ದಿನದ ಕೆಲಸ ಉಳಿಯುತ್ತದೆ, ನಿಮಗೆ ನಾಲ್ಕು ಪಟ್ಟು ಜಾಸ್ತಿ ಗೊತ್ತಾಗುತ್ತದೆ.

ದಂಪತಿಗೆ ಬೇರೆ. ಒಬ್ಬರೇ ಹುಡುಕಲು ಹೋಗಬೇಡಿ, ಆಫೀಸಿನಲ್ಲೋ ಅಪಾರ್ಟ್‌ಮೆಂಟಿನಲ್ಲೋ ಐದಾರು ಜನರ ಬಳಗ ಕಟ್ಟಿ. 3 ಲಕ್ಷದಲ್ಲಿ 2 ಲಕ್ಷ ಎರಡು ಸಂಸ್ಥೆಗಳಿಗೆ ಹಲವು ವರ್ಷದ ಮಾತಿನೊಂದಿಗೆ. ಉಳಿದ 1 ಲಕ್ಷದಲ್ಲಿ ಮೊದಲ ವರ್ಷ ಹೊಸ ಸಂಸ್ಥೆಯೊಂದಕ್ಕೆ ಒಂದು ನಿರ್ದಿಷ್ಟ ಕೆಲಸಕ್ಕೆ ಕೊಟ್ಟು ನೋಡಿ. ಕೆಲಸ ಕಂಡರೆ ಮುಂದಿನ ವರ್ಷ ಷರತ್ತು ತೆಗೆಯಿರಿ. ಅದಕ್ಕೂ ಸಮಯ ಸಿಗದಿದ್ದರೆ ಬೇಸರ ಬೇಡ, ಚೆನ್ನಾಗಿ ಪರಿಶೀಲನೆ ಮಾಡುವ ಒಂದು ದೊಡ್ಡ ಸಂಸ್ಥೆಗೆ ತಿಂಗಳು ತಿಂಗಳು ಹೋಗುವ ಹಾಗೆ ಮಾಡಿ. ಅದೂ ಒಳ್ಳೇದೇ.

ಹಳೆ ವಿದ್ಯಾರ್ಥಿಗಳದು ಸ್ವಲ್ಪ ಕಷ್ಟ. ಟೆಕ್ಸಸ್‌ನವರ ದುಡ್ಡು ಬೇರೆ ದಾರಿ, ಪುಣೆ–ದುಬೈನವರದು ಬೇರೆ ದಾರಿ ಅಂತ ಮೊದಲೇ ಬೇರ್ಪಡಿಸಿಬಿಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅಮೆರಿಕದ ಪಾಸ್‌ಪೋರ್ಟಿನವರು ಎಫ್‌ಸಿಆರ್‌ಎ ಇರುವ, ನಿಮ್ಮ ತಾಲ್ಲೂಕಿನಲ್ಲಿ ತಾನೇ ಕೆಲಸ ಮಾಡುವ ಸಂಸ್ಥೆಗೆ ಕೊಡಲಿ. ಉಳಿದವರದು ಊರಲ್ಲಿರುವವರ ಮೂಲಕ ಎಸ್‌ಡಿಎಂಸಿಗೆ ಹೋಗಲಿ. ಸ್ಮಾರ್ಟ್ ಬೋರ್ಡೋ ಕಾಂಪೌಂಡೋ ಅಂತ ಪುಣೆಯಲ್ಲಿ ಕೂತು ಮತ ಹಾಕಬೇಡಿ. ಪೋಷಕರ ಸಭೆ, ಬಿಸಿಯೂಟದ ಅಡುಗೆಯವರ ಜೊತೆ ಒಂದು ಮಾತು, ಏಳನೇ ಕ್ಲಾಸಿನ ಹೆಣ್ಣುಮಕ್ಕಳ ಜೊತೆ ಒಬ್ಬ ಟೀಚರಮ್ಮ ಕೂತು ಒಂದು ಮಾತು. ಮೂರು ಪಟ್ಟಿ ಬರಲಿ. ಶೌಚಾಲಯದ ಬಾಗಿಲಿನ ಚಿಲಕ ಯಾವ ಪಟ್ಟಿಯಲ್ಲಿದೆ, ಯಾವುದರಲ್ಲಿಲ್ಲ ಅಂತ ನೋಡಿ.

ಮೂವರಿಗೂ ಒಂದು ವಿಷಯ. ದಾನ ಕೊಡುವವರೆಲ್ಲ ತೆರಿಗೆ ನೆನಪಾಗಿ ಮಾರ್ಚ್ ಕೊನೆಯಲ್ಲಿ ಕೊಡುತ್ತಾರೆ. ಆ ತಿಂಗಳು ಸಣ್ಣ ಸಂಸ್ಥೆಗಳ ಖಾತೆ ತುಂಬಿರುತ್ತದೆ, ಖರ್ಚು ತೋರಿಸುವ ಗಡಿಬಿಡಿ ಬೇರೆ. ಏಪ್ರಿಲ್‌ನಿಂದ ಜುಲೈವರೆಗೆ ಹೊಸ ಮಂಜೂರಾತಿ ಬಂದಿರುವುದಿಲ್ಲ, ಸಂಬಳ ತಡವಾಗುವುದು ಆಗಲೇ. ಶಾಲೆಗಳೂ ಆ ಹೊತ್ತಿಗೇ ಶುರು. ನಿಮ್ಮ ಮೊದಲ ಕಂತು ಮೇ ತಿಂಗಳಲ್ಲಿ ಹೋಗಲಿ.